ಡ್ಯೂಟಿ ಲಿಸ್ಟ್ ಎಂಬ ತಲೆನೋವು

ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ನಾನು ವಾರ್ಡ್ ಇನ್‌ಚಾರ್ಜ್. ರೋಗಿಗಳಿಗಿಂತ ಜಾಸ್ತಿ ನನ್ನ ನಿದ್ದೆ ಕೆಡಿಸುವುದು ಡ್ಯೂಟಿ ಲಿಸ್ಟ್. ಓಣಂ, ಚೌತಿ ಹತ್ತಿರ ಬಂದರೆ ಮುಗಿಯಿತು. ಅರ್ಧ ಜನಕ್ಕೆ ತಿರುವೋಣಂ ದಿನ ರಜೆ ಬೇಕು, ಉಳಿದವರಿಗೆ ಚೌತಿಗೆ. ನೈಟ್ ಮಾತ್ರ ಯಾರಿಗೂ ಬೇಡ. ಒಂದು ಹೆಸರು ಕದಲಿಸಿದರೆ ಮೂರು ಶಿಫ್ಟೂ ಕದಲುತ್ತದೆ. ಪೆನ್ಸಿಲಿನಲ್ಲಿ ಬರೆದು, ಉಜ್ಜಿ ಉಜ್ಜಿ ಮೊನ್ನೆ ಹಾಳೆಯೇ ತೂತಾಯಿತು. ಲಿಸ್ಟ್ ಅಂಟಿಸಿ ಐದು ನಿಮಿಷ ಆಗಿರಲಿಲ್ಲ, "ಸಿಸ್ಟರೇ, ಅತ್ತೆಗೆ ಹುಷಾರಿಲ್ಲ" ಅಂತ ಮೆಸೇಜ್. ಈ ಅತ್ತೆ ಪ್ರತಿ ಹಬ್ಬಕ್ಕೂ ಮಲಗುತ್ತಾರೆ!

ಕೊನೆಗೆ ನೈಟಿಗೆ ನಾನೇ ಹೋದೆ. ಬೆಳಗಿನ ಜಾವ ಐದನೇ ಬೆಡ್ಡಿನ ಅಜ್ಜಿ ಕೈ ಹಿಡಿದು, "ನೀನಿದ್ದದ್ದು ಧೈರ್ಯ ಆಯ್ತು ಮಗಳೇ" ಅಂದರು. ಸಿಟ್ಟು ಸ್ವಲ್ಪ ಇಳಿಯಿತು. ಆಮೇಲೆ ಫೋನ್ ನೋಡಿದರೆ, ದಸರಾಕ್ಕೆ ಮೂವರಿಗೆ ರಜೆ ಬೇಕಂತೆ.