ಮಳೆ ಸಿನಿಮಾದೊಳಗೆ ಮಾತ್ರ ಬರಲಿ

ಹೋದ ಭಾನುವಾರ ಸಂಜೆ ಹನುಮಂತನಗರದ ನಮ್ಮ ಮನೆಯಲ್ಲಿ ಚಿಕ್ಕಮ್ಮನ ಜೊತೆ ಕೂತು ಸತ್ಯಜಿತ್ ರಾಯ್ ಅವರ ಬಂಗಾಳಿ ಸಿನಿಮಾ ‘ಪಥೇರ್ ಪಾಂಚಾಲಿ’ ನೋಡಿದೆ. ಡಿವಿಡಿಗಿಂತ ಸ್ಪಷ್ಟವಾಗಿ ಕಾಣುವ ಬ್ಲೂ-ರೇ ಡಿಸ್ಕ್, ರಿಸ್ಟೋರ್ ಆದ, ಅಂದರೆ ಹಾಳಾದದ್ದನ್ನು ಸರಿಪಡಿಸಿದ ಪ್ರತಿ. ಚಿಕ್ಕಮ್ಮನಿಗೆ ಈಗ 72 ವರ್ಷ. ಬಂಗಾಳಿ ಬರಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದುವಷ್ಟು ಕಣ್ಣು ಓಡಲ್ಲ. ನಾನು ಪಕ್ಕದಲ್ಲಿ ಕೂತು ಆಗಾಗ ಮಾತು ಹೇಳುತ್ತಾ ಇದ್ದೆ. ಹತ್ತು ನಿಮಿಷ ಆಗಿರಬೇಕು, ತಿರುಗಿ ಕೇಳಿದರು: “ಇದು ಹಳೇ ಸಿನಿಮಾ ಅಂದ್ಯಲ್ಲೋ, ಮಳೆನೇ ಬರ್ತಿಲ್ಲ?”

ಮಳೆ ಅಂದರೆ ಗೊತ್ತಲ್ವಾ? ರೀಲು ಸವೆದು ಪರದೆ ಮೇಲಿಂದ ಕೆಳಗೆ ಸುರಿಯುವ ಬಿಳಿ ಗೆರೆಗಳು. ಟೆಂಟಿನಲ್ಲಿ ನೆಲಕ್ಕೆ ಕೂತು ಸಿನಿಮಾ ನೋಡಿದವರಿಗೆ, ಊರೂರು ಸುತ್ತಿ ಕೊನೆಗೆ ತಮ್ಮ ಊರಿಗೆ ಬಂದ ಪ್ರಿಂಟಿನಲ್ಲಿ ಮಳೆ ಬರುವುದು ಮಾಮೂಲು. ಚಿಕ್ಕಮ್ಮನ ತಲೆಯಲ್ಲಿ ಕಪ್ಪು-ಬಿಳುಪು ಸಿನಿಮಾ ಅಂದರೆ ಮಳೆ ಬರುವ ಸಿನಿಮಾ. ಅವರೊಬ್ಬರೇ ಅಲ್ಲ, ನಮ್ಮಲ್ಲಿ ಬಹಳ ಜನ ಹೀಗೇ ನಂಬಿಕೊಂಡಿದ್ದೇವೆ. ಹಳೇ ಸಿನಿಮಾ ಅಂದರೆ ಮಸುಕು, ಗೀರು, ಕರಕರ ಸದ್ದು, ಮುಖವೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ.

ಈ ಬರಹ ಬರೆಯೋದಕ್ಕೆ ಕಾರಣವೇ ಅದು. ಆ ಮಸುಕು ಸಿನಿಮಾದ್ದಲ್ಲ. ನಮ್ಮ ಕೈಗೆ ಸಿಕ್ಕ ಪ್ರತಿಯದ್ದು. 1955ರಲ್ಲಿ ಮೊದಲ ದಿನ ನೋಡಿದವರಿಗೆ ಅದು ಮಸುಕಾಗಿರಲಿಲ್ಲ.

ಆಮೇಲೆ ಸಿನಿಮಾದಲ್ಲಿ ನಿಜವಾದ ಮಳೆ ಬಂತು. ನೋಡಿದವರಿಗೆ ಆ ಜಾಗ ಮರೆಯಲ್ಲ. ಕೆರೆಯ ನೀರಿನ ಮೇಲೆ ಹುಳುಗಳು ಜಾರುತ್ತವೆ, ಗಾಳಿ ಬೀಸುತ್ತದೆ, ಗಾಳ ಹಾಕಿ ಕೂತವನ ಬೋಳು ತಲೆ ಮೇಲೆ ಮೊದಲ ಹನಿ ಬೀಳುತ್ತದೆ. ಕತೆಯ ಹುಡುಗಿ ದುರ್ಗಾ ಕೂದಲು ಬಿಚ್ಚಿ ಮಳೆಯಲ್ಲಿ ಸುತ್ತುತ್ತಾಳೆ. ನಾನು ಇಪ್ಪತ್ತು ವರ್ಷದ ಹಿಂದೆ ಇದೇ ದೃಶ್ಯವನ್ನು ಒಂದು ಕೆಟ್ಟ ವಿಸಿಡಿಯಲ್ಲಿ ನೋಡಿದ್ದೆ. ಯಾವುದು ಮಳೆ, ಯಾವುದು ರೀಲಿನ ಗೀರು ಗೊತ್ತೇ ಆಗಿರಲಿಲ್ಲ. ಈ ಸಲ ಒಂದೊಂದು ಹನಿ ಬೇರೆ ಬೇರೆ ಕಾಣುತ್ತಿತ್ತು. ಚಿಕ್ಕಮ್ಮ ಮೆಲ್ಲಗೆ, “ಈ ಹುಡುಗಿಗೆ ಜ್ವರ ಬರತ್ತೆ ನೋಡು” ಅಂದರು. ನಾನು ಏನೂ ಹೇಳಲಿಲ್ಲ.

ವಿಸಿಡಿ ಅಂದೆನಲ್ಲ, ಸ್ವಲ್ಪ ಲೆಕ್ಕ ಹೇಳುತ್ತೇನೆ. ವಿಸಿಡಿಯಲ್ಲಿ ಒಂದು ಚಿತ್ರಕ್ಕೆ ಇದ್ದದ್ದು 352 ಗುಣಿಸು 288 ಚುಕ್ಕೆ, ಅಂದರೆ ಸುಮಾರು 1 ಲಕ್ಷ. ಡಿವಿಡಿಯಲ್ಲಿ 4 ಲಕ್ಷ. ಬ್ಲೂ-ರೇಯಲ್ಲಿ ಸುಮಾರು 20 ಲಕ್ಷ. ಅದಕ್ಕಿಂತ ಹೊಸದಾದ 4ಕೆ ಡಿಸ್ಕಿನಲ್ಲಿ 80 ಲಕ್ಷಕ್ಕೂ ಜಾಸ್ತಿ. ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಚೌಕಾಸಿ ಮಾಡಿ ಚೀಲ ತುಂಬಾ ವಿಸಿಡಿ ತಂದುಕೊಂಡ ನಮ್ಮ ತಲೆಮಾರು ನಮ್ಮ ಭಾಷೆಯ ಒಳ್ಳೊಳ್ಳೆ ಸಿನಿಮಾಗಳನ್ನೆಲ್ಲ ಆ 1 ಲಕ್ಷ ಚುಕ್ಕೆಯಲ್ಲೇ ನೋಡಿದ್ದು, ಅದೂ ಮೂಲೆಯಲ್ಲಿ ಕಂಪನಿಯ ಹೆಸರು ಮಿಣಮಿಣ ಅನ್ನುತ್ತಾ ಇರುವಾಗ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಿನಿಮಾ ಓಡೋದು ಸೆಕೆಂಡಿಗೆ 24 ಚಿತ್ರದ ಲೆಕ್ಕದಲ್ಲಿ, ನಮ್ಮ ಹಳೆ ಟಿವಿ ಪದ್ಧತಿ 25ರದ್ದು. ಅದಕ್ಕೆ ಹೊಂದಿಸೋದಕ್ಕೆ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸುತ್ತಿದ್ದರು. 100 ನಿಮಿಷದ ಸಿನಿಮಾ 96 ನಿಮಿಷಕ್ಕೆ ಮುಗಿಯುತ್ತಿತ್ತು. ಹಾಗೆ ಮಾಡಿದ ಪ್ರತಿಗಳಲ್ಲಿ ದನಿಯೂ ಸ್ವಲ್ಪ ತೆಳ್ಳಗಾಗುತ್ತದೆ. ಪಿ.ಬಿ. ಶ್ರೀನಿವಾಸ್ ಅವರ ದನಿಯ ಆ ಮೆತ್ತನೆ ಭಾರ ಗೊತ್ತಿದ್ದವರಿಗೆ ಇದು ಎಷ್ಟು ದೊಡ್ಡ ನಷ್ಟ ಅಂತ ಬೇರೆ ಹೇಳಬೇಕಾಗಿಲ್ಲ. ಬ್ಲೂ-ರೇಯಲ್ಲಿ 24 ಅಂದರೆ 24.

‘ಪಥೇರ್ ಪಾಂಚಾಲಿ’ ಇವತ್ತು ಹೀಗೆ ಕಾಣಿಸುತ್ತಿರುವುದು ಸುಮ್ನೆ ಆದದ್ದಲ್ಲ. 1993ರಲ್ಲಿ ಲಂಡನ್ನಿನ ಒಂದು ಫಿಲ್ಮ್ ಲ್ಯಾಬಿಗೆ ಬೆಂಕಿ ಬಿತ್ತು. ಸತ್ಯಜಿತ್ ರಾಯ್ ತೀರಿಕೊಂಡು ಒಂದು ವರ್ಷ ಆಗಿತ್ತಷ್ಟೆ. ‘ಪಥೇರ್ ಪಾಂಚಾಲಿ’ಯಿಂದ ಶುರುವಾಗುವ ಅಪು ಸರಣಿಯ ಮೂರೂ ಸಿನಿಮಾಗಳ ಮೂಲ ನೆಗೆಟಿವ್, ಅಂದರೆ ಕ್ಯಾಮೆರಾದಲ್ಲೇ ಓಡಿದ ಫಿಲ್ಮ್, ಅಲ್ಲಿದ್ದವು. ಸುಟ್ಟು, ಕರಗಿ, ಅಂಟಿಕೊಂಡು ಉಳಿದದ್ದನ್ನು ಯಾರೋ ಪುಣ್ಯಾತ್ಮರು ಎಸೆಯಲಿಲ್ಲ. ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯವರ ಫಿಲ್ಮ್ ಕಾಪಿಡುವ ಆರ್ಕೈವ್‌ನಲ್ಲಿ ಹಾಗೇ ಇಟ್ಟುಕೊಂಡರು. ಇಪ್ಪತ್ತು ವರ್ಷ ಆದ ಮೇಲೆ, 2013ರಲ್ಲಿ, ಹಳೇ ಸಿನಿಮಾಗಳ ಡಿಸ್ಕ್ ತರುವ ಕ್ರೈಟೀರಿಯನ್ ಸಂಸ್ಥೆಯವರು ಆ ಡಬ್ಬಿಗಳನ್ನು ತೆರೆಸಿದರು. ಇಟಲಿಯ ಬೊಲೋನ್ಯಾದಲ್ಲಿ ‘ಲಿಮ್ಮಾಜಿನೆ ರಿತ್ರೊವಾತಾ’ ಅಂತ ಒಂದು ಲ್ಯಾಬ್ ಇದೆ. ಅಲ್ಲಿನವರು ಸುಕ್ಕಾಗಿ ಒಣಗಿದ ಫಿಲ್ಮಿಗೆ ತೇವ ಕೊಟ್ಟು, ಕರಗಿದ ಅಂಟು ಬಿಡಿಸಿ, ಅಂಚಿನ ಹರಿದ ತೂತುಗಳನ್ನು ಕೈಯಿಂದ ಕಟ್ಟಿದರು. ಕೈಕೆಲಸವೇ ಹತ್ತಿರ ಹತ್ತಿರ 1000 ಗಂಟೆ. ಅಷ್ಟಾದ ಮೇಲೆ ‘ಪಥೇರ್ ಪಾಂಚಾಲಿ’ಯ ನೂರಕ್ಕೆ ಸುಮಾರು 40 ಭಾಗ, ಸರಣಿಯ ಎರಡನೇ ಸಿನಿಮಾ ‘ಅಪರಾಜಿತೋ’ದ ನೂರಕ್ಕೆ 60ಕ್ಕೂ ಜಾಸ್ತಿ ಭಾಗ ಆ ಸುಟ್ಟ ನೆಗೆಟಿವ್‌ನಿಂದಲೇ ಸಿಕ್ಕಿತು. ಉಳಿದದ್ದನ್ನು ಬೇರೆ ಬೇರೆ ದೇಶದ ಆರ್ಕೈವ್‌ಗಳಲ್ಲಿದ್ದ ಒಳ್ಳೆಯ ಪ್ರತಿಗಳಿಂದ ತುಂಬಿಸಿದರು. 2015ರಲ್ಲಿ ಹೊಸ ಪ್ರತಿ ಹೊರಗೆ ಬಂತು.

ಇಂದಿರ್ ಠಾಕ್ರುಣ್ ಅನ್ನುವ ಆ ಮುದುಕಿ ಕತ್ತಲಲ್ಲಿ ಕೂತು ಮಕ್ಕಳಿಗೆ ಕತೆ ಹೇಳುವಾಗ ಅವಳ ಮುಖದ ಪ್ರತಿ ಸುಕ್ಕೂ ಕಾಣುತ್ತದಲ್ಲ, ಅದು ಹಾಗೆ ಬೆಂಕಿಯಿಂದ ಎತ್ತಿಕೊಂಡು ಬಂದದ್ದು.

ಸುಕ್ಕಿನ ಮಾತು ಬಂತು, ಅದಕ್ಕೇ ಗ್ರೇನ್ ಬಗ್ಗೆ ಹೇಳಲೇಬೇಕು. ಹಳೇ ಫಿಲ್ಮಿನಲ್ಲಿ ಚಿತ್ರ ಮೂಡೋದು ಬೆಳ್ಳಿಯ ಸಣ್ಣ ಸಣ್ಣ ಕಣಗಳಿಂದ. ದೊಡ್ಡ ಟಿವಿಯಲ್ಲಿ ನೋಡಿದರೆ ಆ ಕಣಗಳು ಸಣ್ಣಗೆ ಮಿಸುಕಾಡುತ್ತಿರುತ್ತವೆ. ನನ್ನ ಗೆಳೆಯರಲ್ಲೇ ಕೆಲವರು “ಇಷ್ಟು ದುಡ್ಡು ಕೊಟ್ಟು ತಂದಿದೀಯ, ಇದೇನಿದು ರವೆ ಚೆಲ್ಲಿದ ಹಾಗಿದೆ” ಅಂದಿದ್ದಾರೆ. ಆ ರವೆಯೇ ಚಿತ್ರ ಸ್ವಾಮಿ. ಧೂಳು, ಗೀರು, ಕಲೆ ತೆಗೆಯಬೇಕು, ನೂರಕ್ಕೆ ನೂರು ತೆಗೆಯಬೇಕು. ಆದರೆ ಗ್ರೇನ್ ತೆಗೆಯಬಾರದು. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ಅದನ್ನು ಒರೆಸಿಬಿಟ್ಟರೆ ಅದರ ಜೊತೆ ಚರ್ಮದ ರಂಧ್ರ, ಸೀರೆಯ ನೇಯ್ಗೆ, ಗೋಡೆಯ ಒರಟು ಎಲ್ಲಾ ಹೋಗುತ್ತದೆ. ಮುಖಗಳು ಮೇಣದ ಗೊಂಬೆ ಆಗುತ್ತವೆ. ಹೀಗೆ ಒರೆಸಿದ ಡಿಸ್ಕ್‌ಗಳು ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ, ರಿಸ್ಟೋರ್ಡ್ ಅಂತ ಡಬ್ಬಿ ಮೇಲೆ ದೊಡ್ಡದಾಗಿ ಬರೆದಿರುತ್ತಾರೆ. ಇಂದಿರ್ ಮುದುಕಿಯ ಸುಕ್ಕು ಹೋದರೆ ಆ ಸಿನಿಮಾದಲ್ಲಿ ಏನು ಉಳಿಯುತ್ತದೆ ಹೇಳಿ.

ಕಪ್ಪು-ಬಿಳುಪು ಅನ್ನುವ ಹೆಸರೇ ತಪ್ಪು ಅಂತ ನನಗೆ ಎಷ್ಟೋ ಸಲ ಅನಿಸಿದೆ. ಅದರಲ್ಲಿ ಕಪ್ಪೂ ಕಡಿಮೆ, ಬಿಳುಪೂ ಕಡಿಮೆ, ಇರೋದೆಲ್ಲ ನಡುವಿನ ಬೂದು. ಬಣ್ಣದ ಸಿನಿಮಾದಲ್ಲಿ ಕೆಂಪು ಸೀರೆಯನ್ನೂ ಹಸಿರು ಗಿಡವನ್ನೂ ಬಣ್ಣವೇ ಬೇರೆ ಮಾಡಿ ತೋರಿಸುತ್ತದೆ. ಇಲ್ಲಿ ಆ ಕೆಲಸವನ್ನೆಲ್ಲ ಬೆಳಕೊಂದೇ ಮಾಡಬೇಕು. ಹಾಗಾಗಿ ಬೂದು ಬಣ್ಣದ ಮೆಟ್ಟಿಲುಗಳು ಎಷ್ಟಿವೆ ಅನ್ನೋದು ತುಂಬಾ ಮುಖ್ಯ. ಬ್ಲೂ-ರೇಯಲ್ಲಿ ಕಪ್ಪಿನಿಂದ ಬಿಳಿಗೆ ಸುಮಾರು 220 ಮೆಟ್ಟಿಲು. 4ಕೆ ಡಿಸ್ಕಿನಲ್ಲಿ ಅದರ 4 ಪಟ್ಟು. ಮಂಜು, ಹೊಗೆ, ಸಂಜೆಯ ಆಕಾಶ ಇರುವ ದೃಶ್ಯದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಆನ್‌ಲೈನಿನಲ್ಲಿ ನೋಡುವಾಗ ಆಕಾಶದಲ್ಲಿ ಮರ ಕೊಯ್ದಾಗ ಕಾಣುವ ಉಂಗುರಗಳ ಹಾಗೆ ಪದರ ಪದರ ಕಾಣುತ್ತದಲ್ಲ, ಅದು ಮೆಟ್ಟಿಲು ಸಾಲದೆ ಆಗೋದು. ಗ್ರೇನ್ ಕೂಡ ಅಲ್ಲಿ ಉಳಿಯಲ್ಲ. ಕ್ಷಣ ಕ್ಷಣಕ್ಕೂ ಅದು ಬದಲಾಗುವುದರಿಂದ ಸಣ್ಣ ಫೈಲಿಗೆ ಅದನ್ನು ತುಂಬಲು ಆಗಲ್ಲ, ಕಲಸಿ ಮುದ್ದೆ ಮಾಡಿಬಿಡುತ್ತದೆ. ಡಿಸ್ಕ್ ಬೇಕು ಅಂತ ನಾನು ಹಟ ಹಿಡಿಯೋದು ಇದಕ್ಕೇ.

ಬೆಳಕಿನ ಮಾತಾಡುವಾಗ ವಿ.ಕೆ. ಮೂರ್ತಿಯವರನ್ನು ನೆನೆಯದೆ ಇರಲು ನನ್ನಿಂದಾಗಲ್ಲ. ಮೈಸೂರಿನವರು, ಕ್ಯಾಮೆರಾ ಕಲಿತದ್ದು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ನಲ್ಲಿ ಖಾಲಿ ಸ್ಟುಡಿಯೋದ ಒಳಗೆ ಮೇಲಿಂದ ಒಂದು ಬೆಳಕಿನ ಕಂಬ ಇಳಿಯುತ್ತದೆ. ಅದು ಲೈಟ್ ಅಲ್ಲ, ಹೊರಗಿನ ಬಿಸಿಲನ್ನೇ ದೊಡ್ಡ ಕನ್ನಡಿಗಳಿಂದ ಒಳಗೆ ಹೊರಳಿಸಿದ್ದು. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಕಡೆಗಾಲ ಇದೇ ಊರಿನಲ್ಲಿ ಕಳೆದು 2014ರಲ್ಲಿ ತೀರಿಕೊಂಡರು. ಕೆಟ್ಟ ಪ್ರತಿಯಲ್ಲಿ ಆ ಬೆಳಕು ಸುಮ್ನೆ ಒಂದು ಬಿಳಿ ಪಟ್ಟಿ. ಒಳ್ಳೆಯ ಪ್ರತಿಯಲ್ಲಿ ಅದರೊಳಗೆ ಧೂಳಿನ ಕಣ ತೇಲುವುದು ಕಾಣುತ್ತದೆ. ಮೂರ್ತಿಯವರು ಕನ್ನಡಿ ಹಿಡಿಸಿದ್ದು ಆ ಧೂಳಿಗಾಗಿಯೇ ಅಲ್ವಾ?

ಈಗ ಸ್ವಲ್ಪ ಜನಕ್ಕೆ ಬೇಜಾರಾಗುವ ಮಾತು. ಹಳೇ ಸಿನಿಮಾಗಳಿಗೆ ಬಣ್ಣ ಹಚ್ಚುವುದು ನನಗೆ ಒಪ್ಪಿಗೆ ಇಲ್ಲ. 2008ರಲ್ಲಿ ‘ಸತ್ಯ ಹರಿಶ್ಚಂದ್ರ’ ಬಂತು, 2014ರಲ್ಲಿ ‘ಕಸ್ತೂರಿ ನಿವಾಸ’ ಬಂತು. ಜನ ಥಿಯೇಟರಿಗೆ ಹೋಗಿ ನೋಡಿದರು, ಅಣ್ಣಾವ್ರ ಕಟೌಟಿಗೆ ಹಾರ ಹಾಕಿದರು, ಮಕ್ಕಳನ್ನು ಕರೆದುಕೊಂಡು ಹೋದರು. ಅದೆಲ್ಲ ಸಂತೋಷವೇ. ಮಾಡಿದವರ ಪ್ರೀತಿಯ ಬಗ್ಗೆ ನನಗೆ ಒಂದು ಚೂರೂ ಅನುಮಾನ ಇಲ್ಲ. ಆದರೆ ‘ಕಸ್ತೂರಿ ನಿವಾಸ’ದ ಆ ಮನೆ ಖಾಲಿಯಾಗುತ್ತಾ ಹೋಗುವುದನ್ನು ಕ್ಯಾಮೆರಾದವರು ನೆರಳಿನಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಅದರ ಮೇಲೆ ಗುಲಾಬಿ, ನೀಲಿ ಬಂದು ಕೂತರೆ ಆ ನೆರಳು ತನ್ನ ಕೆಲಸ ಮಾಡಲ್ಲ. ಅದೇ ದುಡ್ಡು, ಅದೇ ಶ್ರಮ ನೆಗೆಟಿವ್ ತೊಳೆಯೋದಕ್ಕೆ, ಸ್ಕ್ಯಾನ್ ಮಾಡೋದಕ್ಕೆ ಹೋಗಿದ್ದರೆ ಚೆನ್ನಾಗಿತ್ತು.

ಆವತ್ತು ಸಿನಿಮಾ ಮುಗಿದ ಮೇಲೆ ಚಿಕ್ಕಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಬೆಳ್ಳಿಮೋಡ ಇದ್ಯಾ? ಹೀಗೇ ಕಾಣತ್ತಾ?” ಅಂದರು. ಪುಟ್ಟಣ್ಣನವರ 1967ರ ಸಿನಿಮಾ. ಕಲ್ಪನಾ ಅಂದರೆ ಚಿಕ್ಕಮ್ಮನಿಗೆ ಪ್ರಾಣ. ನನ್ನ ಹತ್ತಿರ ಇರೋದು ಹಳೇ ಡಿಸ್ಕ್. ಅದರಲ್ಲಿ ಮೋಡ ಬೆಳ್ಳಿಯ ಹಾಗಿಲ್ಲ, ಹತ್ತಿಯ ಹಾಗೂ ಇಲ್ಲ. ನನಗೆ ತುಂಬಾ ಸಂಕಟ ಆಯ್ತು. ಬಂಗಾಳದ ಹಳ್ಳಿಯ ಒಂದೊಂದು ಹುಲ್ಲನ್ನೂ ನಾನು ಅವರಿಗೆ ತೋರಿಸಬಲ್ಲೆ, ಮಲೆನಾಡಿನ ಮೋಡ ತೋರಿಸಲು ಆಗುತ್ತಿಲ್ಲ.

ಆಗಲ್ಲ ಅಂತೇನಿಲ್ಲ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನೇ ತೆಗೆದುಕೊಳ್ಳಿ. 1977ರದ್ದು, ಅನಂತಮೂರ್ತಿಯವರ ಕತೆ, ಎಸ್. ರಾಮಚಂದ್ರ ಅವರ ಕ್ಯಾಮೆರಾ, ಸ್ವರ್ಣಕಮಲ ಬಂದ ಸಿನಿಮಾ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ ಉಳಿದಿದ್ದ ಮೂಲ ನೆಗೆಟಿವ್ ಇಟ್ಟುಕೊಂಡು ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಜೊತೆ ಸೇರಿ ಅದನ್ನು 4ಕೆಯಲ್ಲಿ ರಿಸ್ಟೋರ್ ಮಾಡಿಸಿತು. ಅಪು ಸಿನಿಮಾಗಳನ್ನು ಬದುಕಿಸಿದ ಅದೇ ಬೊಲೋನ್ಯಾದ ಲ್ಯಾಬ್. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಯಮುನಕ್ಕ, ನಾಣಿ, ಆ ಕತ್ತಲು, ಎಲ್ಲಾ ವೆನಿಸ್‌ಗೆ ಹೋಗಿ ಬಂದವು. ಅದು ತೀರ್ಥಹಳ್ಳಿಯ ಮನೆಗಳಿಗೂ ಬರಬೇಕು, ನಮ್ಮ ಹನುಮಂತನಗರಕ್ಕೂ ಬರಬೇಕು. ‘ಸಂಸ್ಕಾರ’ ಬರಬೇಕು, ‘ವಂಶವೃಕ್ಷ’ ಬರಬೇಕು, ‘ಗೆಜ್ಜೆಪೂಜೆ’ ಬರಬೇಕು. ಪ್ರಶಸ್ತಿ ಬಂದ ಸಿನಿಮಾಗಳಷ್ಟೇ ಅಲ್ಲ, ಟೆಂಟಿನಲ್ಲಿ ನೂರು ದಿನ ಓಡಿದ್ದೂ ಬರಬೇಕು.

ಮನೆಯಲ್ಲಿ ನೋಡುವವರಿಗೆ ಎರಡು ಮಾತು, ನಾನು ದುಡ್ಡು ಕಳೆದುಕೊಂಡು ಕಲಿತದ್ದು. ಬ್ಲೂ-ರೇಗೆ ವಲಯ ಅಂತ ಇದೆ. ಅಮೆರಿಕದ್ದು ಎ, ಯುರೋಪಿನದ್ದು ಬಿ, ನಮ್ಮದು ಸಿ. ಅಕ್ಕನ ಮಗ ಅಮೆರಿಕದಿಂದ ತಂದುಕೊಟ್ಟ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡಲೇ ಇಲ್ಲ, ಎಲ್ಲಾ ವಲಯ ಓಡಿಸುವ ಪ್ಲೇಯರ್ ಹುಡುಕಿ ತಂದೆ. 4ಕೆ ಡಿಸ್ಕಿಗೆ ಈ ಕಾಟ ಇಲ್ಲ. ಟಿವಿಯಲ್ಲಿ ‘ವಿವಿಡ್’ ಇಟ್ಟು ನೋಡಬೇಡಿ, ಬೂದೆಲ್ಲ ನೀಲಿಗೆ ತಿರುಗುತ್ತದೆ. ‘ವಾರ್ಮ್’ ಅಥವಾ ‘ಫಿಲ್ಮ್‌ಮೇಕರ್’ ಮೋಡ್ ಇಡಿ, ಶಾರ್ಪ್‌ನೆಸ್ ಇಳಿಸಿ, ಚಲನೆ ನುಣುಪು ಮಾಡುವ ಸೆಟ್ಟಿಂಗ್ ಆಫ್ ಮಾಡಿ. ಎರಡು ಪಕ್ಕ ಕಪ್ಪು ಪಟ್ಟಿ ಇದ್ದರೆ ಇರಲಿ. ಆ ಕಾಲದ ಚೌಕಟ್ಟೇ ಹಾಗೆ. ಪರದೆ ತುಂಬಲಿ ಅಂತ ಎಳೆದರೆ ಕಲ್ಪನಾ ದಪ್ಪಗೆ ಕಾಣುತ್ತಾರೆ, ಕತ್ತರಿಸಿದರೆ ತಲೆ ಹೋಗುತ್ತದೆ.

ಕೊನೆಗೆ ಒಂದು ಬೇಡಿಕೆ. ಕನ್ನಡದ ಮೊದಲ ಮಾತಿನ ಸಿನಿಮಾ, 1934ರ ‘ಸತಿ ಸುಲೋಚನಾ’ದ ಪ್ರಿಂಟ್ ಇವತ್ತು ಇಲ್ಲ. ಹಳೇ ರೀಲುಗಳನ್ನು ಅದರಲ್ಲಿನ ಬೆಳ್ಳಿಗಾಗಿ ಕರಗಿಸಿ ಮಾರಿದ ಕಾಲ ಅದು. ಇವತ್ತು ಗಾಂಧಿನಗರದ ಯಾವುದಾದರೂ ಹಳೇ ಹಂಚಿಕೆದಾರರ ಗೋಡೌನಿನಲ್ಲಿ, ಮುಚ್ಚಿದ ಥಿಯೇಟರಿನ ಅಟ್ಟದಲ್ಲಿ, ನಿರ್ಮಾಪಕರಾಗಿದ್ದ ನಿಮ್ಮ ತಾತನ ಟ್ರಂಕಿನಲ್ಲಿ ರೀಲಿನ ಡಬ್ಬಿಗಳು ಇರಬಹುದು. ತೆರೆದಾಗ ವಿನಿಗರ್ ವಾಸನೆ ಮೂಗಿಗೆ ಹೊಡೆದರೆ ಫಿಲ್ಮ್ ಕೊಳೆಯಲು ಶುರುವಾಗಿದೆ ಅಂತ ಅರ್ಥ, ಕೆಟ್ಟೇಹೋಗಿದೆ ಅಂತ ಅಲ್ಲ. ನೀವೇ ಬಿಚ್ಚಿ ಒರೆಸೋದಕ್ಕೆ ಹೋಗಬೇಡಿ. ಬಿಸಿಲು, ತೇವ ತಾಗದ ತಣ್ಣನೆ ಜಾಗದಲ್ಲಿ, ಬೇರೆ ಡಬ್ಬಿಗಳಿಂದ ದೂರ ಇಡಿ. 1940ರ ದಶಕದ್ದೋ ಅದಕ್ಕಿಂತ ಹಳೆಯದೋ ಆದರೆ ಇನ್ನೂ ಹುಷಾರು, ಆಗಿನ ನೈಟ್ರೇಟ್ ಫಿಲ್ಮ್ ಬೇಗ ಹೊತ್ತಿಕೊಳ್ಳುತ್ತದೆ. ಪುಣೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಒಂದು ಪತ್ರ ಬರೆಯಿರಿ, ಡಬ್ಬಿಯ ಮೇಲಿನ ಚೀಟಿಯ ಫೋಟೋ ತೆಗೆದು ಕಳಿಸಿ. ಅಲ್ಲಿಂದ ಉತ್ತರ ಬರುವವರೆಗೆ ದಯವಿಟ್ಟು ಗುಜರಿಯವರಿಗೆ ಕೊಡಬೇಡಿ.