ಔಟ್‌ಟರ್ನ್ ಲೆಕ್ಕ ಯಾವ ಕ್ಲಾಸಿನ ಪಾಠ?

ಕೆನಡಾದ ಒಂಟಾರಿಯೋದಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಕೆರಿಯರ್ ಸ್ಟಡೀಸ್ ಎಂಬ ವಿಷಯ ಓದಲೇಬೇಕು. ಅರ್ಧ ಕ್ರೆಡಿಟ್, 55 ಗಂಟೆಯ ಪಾಠ. ಇನ್ನರ್ಧ ಕ್ರೆಡಿಟ್ ಪೌರನೀತಿಗೆ. ಯಾವ ಕೆಲಸ ನನಗೆ ಒಗ್ಗೀತು, ಅದಕ್ಕೆ ಏನು ಓದಬೇಕು, ಅರ್ಜಿ ಹೇಗೆ ಬರೆಯಬೇಕು, ಸಂದರ್ಶನದಲ್ಲಿ ಹೇಗೆ ಮಾತಾಡಬೇಕು, ಹೈಸ್ಕೂಲು ಮುಗಿದ ಮೊದಲ ವರ್ಷದ ಖರ್ಚಿಗೆ ಬಜೆಟ್ ಹೇಗೆ ಹಾಕಬೇಕು, ಇಷ್ಟು ಅದರ ಹೂರಣ. ಇನ್ನೂ ಬೇಕೆನ್ನುವವರಿಗೆ ವ್ಯವಹಾರ ಅಧ್ಯಯನದ ಐಚ್ಛಿಕ ಕೋರ್ಸುಗಳು ಸಾಲಾಗಿ ನಿಂತಿವೆ. 9 ಮತ್ತು 10ರಲ್ಲಿ ಉದ್ಯಮದ ಪರಿಚಯ (ಇದರ ಪಠ್ಯಕ್ರಮ 2024ರಲ್ಲಿ ಹೊಸದಾಯಿತು), 11ರಲ್ಲಿ ಅಕೌಂಟಿಂಗ್, ಮಾರ್ಕೆಟಿಂಗ್, 12ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರ.

ನಾನಿರುವ ಒಂಟಾರಿಯೋದಲ್ಲಿ ನಾಲ್ಕು ಜನ ಕನ್ನಡದವರು ಸೇರಿ ಮಕ್ಕಳ ಓದಿನ ಮಾತು ಬಂದರೆ ಸಾಕು, ಯಾರಾದರೊಬ್ಬರು ಶುರು ಮಾಡುತ್ತಾರೆ: "ನಮ್ಮೂರಲ್ಲಿ ಇದೆಲ್ಲ ಎಲ್ಲಿತ್ತು ಮಾರಾಯ್ರೇ, ಉರು ಹೊಡೆದದ್ದೇ ಬಂತು." ಉಳಿದವರು ತಲೆಯಾಡಿಸುತ್ತಾರೆ. ನಾನು ಆಡಿಸುವುದಿಲ್ಲ. ಉರು ಹೊಡೆದದ್ದು ನಿಜ, ಆದರೆ ಪಾಠವೇ ಇಲ್ಲ ಅನ್ನುವುದು ಸುಳ್ಳು.

ಕರ್ನಾಟಕದ ಹೈಸ್ಕೂಲಿನ ಸಮಾಜ ವಿಜ್ಞಾನ ಪುಸ್ತಕದಲ್ಲಿ ಇತಿಹಾಸ, ಭೂಗೋಳ, ಅರ್ಥಶಾಸ್ತ್ರವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ವ್ಯವಹಾರ ಅಧ್ಯಯನ ಅಂತ ಒಂದು ಭಾಗವಿದೆ. ಹತ್ತನೇ ಕ್ಲಾಸಿನಲ್ಲಿ ಬ್ಯಾಂಕ್ ವ್ಯವಹಾರ, ಉದ್ಯಮಗಾರಿಕೆ, ಗ್ರಾಹಕರ ರಕ್ಷಣೆ. ಕೆಲವು ಸರ್ಕಾರಿ ಹೈಸ್ಕೂಲುಗಳಲ್ಲಿ ತೃತೀಯ ಭಾಷೆಯ ಜಾಗದಲ್ಲಿ ಐಟಿ, ರೀಟೇಲ್, ಆಟೊಮೊಬೈಲ್‌ನಂಥ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ವೃತ್ತಿ ವಿಷಯವನ್ನೂ ತೆಗೆದುಕೊಳ್ಳಬಹುದು. ಪಾಠಕ್ಕೆ ಪುಟವೂ ಉಂಟು, ಅಂಕವೂ ಉಂಟು.

ನನ್ನ ಅತ್ತಿಗೆ ಸೋಮವಾರಪೇಟೆ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಟೀಚರ್. ಫೋನಿನಲ್ಲಿ ನನ್ನ ಕೆನಡಾ ಪುರಾಣ ಕೇಳಿ ಕೇಳಿ ಒಂದು ದಿನ ಅವರಿಗೆ ರೇಗಿತು. "ಉದ್ಯಮಗಾರಿಕೆ ಪಾಠಕ್ಕೆ ಬರುವ ಹೊತ್ತಿಗೆ ಪರೀಕ್ಷೆ ಬಾಗಿಲಿಗೆ ಬಂದಿರ್ತದೆ. ಉದ್ಯಮಿಯ ಲಕ್ಷಣಗಳು ಅಂತ ನಾಲ್ಕು ಪಾಯಿಂಟ್ ಬರೆಸಿ ಮುಗಿಸ್ತೇವೆ. ಬೆಂಚಲ್ಲಿ ಕೂತವರಲ್ಲಿ ಅರ್ಧ ಜನರ ಮನೇಲಿ ಕಾಫಿ ತೋಟ ಉಂಟು. ಅವರಪ್ಪ ಉದ್ಯಮಿ ಅಂತ ಅವರಿಗೂ ಅನ್ನಿಸುದಿಲ್ಲ, ನನಗೂ ಹೇಳಲಿಕ್ಕೆ ಪುರುಸೊತ್ತಿಲ್ಲ."

ಅತ್ತಿಗೆಯ ಮಾತಿನ ಕೊನೆಯ ಭಾಗ ನನ್ನನ್ನು ಹಿಡಿದು ನಿಲ್ಲಿಸಿತು. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಪಾಲು ಬೆಳೆಯುವ ಜಿಲ್ಲೆ ನಮ್ಮ ಕೊಡಗು. 1942ರಿಂದ ಕಾಫಿ ಮಂಡಳಿಯ ಪೂಲಿಂಗ್ ಇತ್ತು. ಬೆಳೆದದ್ದನ್ನು ಪೂಲಿಗೆ ಕೊಟ್ಟರೆ ಹಣ ಕಂತು ಕಂತಾಗಿ ಬರುತ್ತಿತ್ತು. ಮಾರುವ ಚಿಂತೆ ಬೆಳೆಗಾರನಿಗೆ ಇರಲಿಲ್ಲ, ಮಾರುವ ಸ್ವಾತಂತ್ರ್ಯವೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಅದು ಹಂತ ಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಪೂರ್ತಿ ಮುಕ್ತ ಮಾರುಕಟ್ಟೆಯಾಯಿತು. ಅಂದಿನಿಂದ ಎರಡೆಕರೆಯವನೂ ವ್ಯಾಪಾರಿಯೇ. ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ ಎಷ್ಟು ಡಾಲರು, ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ ಎಷ್ಟು ಸೆಂಟು, ಡಾಲರಿಗೆ ರೂಪಾಯಿ ಎಷ್ಟು, ಈ ಮೂರನ್ನು ಬಿಟ್ಟು ಗೋಣಿಕೊಪ್ಪದ ರೇಟು ಇಲ್ಲ. 2024ರಲ್ಲಿ ರೊಬಸ್ಟಾ ಟನ್ನಿಗೆ 5000 ಡಾಲರ್ ದಾಟಿದಾಗ ಕೊಡಗಿನ ಮನೆಮನೆಯಲ್ಲೂ ಒಂದೇ ವಾದ: ಈಗಲೇ ಕೊಡೋಣವೋ, ಇನ್ನೂ ಏರುತ್ತದೆ ಅಂತ ಗೋದಾಮಿನಲ್ಲಿ ಇಡೋಣವೋ? ಆ ವಾದದಲ್ಲಿ ಹೈಸ್ಕೂಲು ಓದುವ ಹುಡುಗನೋ ಹುಡುಗಿಯೋ ಬಾಯಿ ಹಾಕಿದರೆ ಸಿಗುವ ಉತ್ತರ ಎಲ್ಲ ಕಡೆ ಒಂದೇ, "ನೀನು ಹೋಗಿ ಓದ್ಕೊ."

ಔಟ್‌ಟರ್ನ್ ಲೆಕ್ಕವನ್ನೇ ನೋಡಿ. 50 ಕೆಜಿ ಒಣಗಿದ ಚೆರಿ ಕಾಫಿಯ ಚೀಲದಲ್ಲಿ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಉಳಿಯುತ್ತದೋ ಅದೇ ಔಟ್‌ಟರ್ನ್. ರೇಟು ಬೀಜದ ಕೆಜಿಗೆ 200 ರೂಪಾಯಿ ಅಂತಿಟ್ಟುಕೊಳ್ಳಿ. ಔಟ್‌ಟರ್ನ್ 26 ಬಂದರೆ ಚೀಲಕ್ಕೆ 5200, 28 ಬಂದರೆ 5600. ನೂರು ಚೀಲ ಇರುವವನಿಗೆ ಆ ಎರಡು ಅಂಕಿಯಲ್ಲಿ 40,000 ರೂಪಾಯಿ. ಮಾದರಿ ಎಲ್ಲಿಂದ ತೆಗೆದರು, ತೇವಾಂಶ ಎಷ್ಟು ಹಿಡಿದರು, ಗುದ್ದಿ ತೂಗಿದವರು ಯಾರು, ಎಲ್ಲವೂ ಈ ಲೆಕ್ಕದೊಳಗೇ ಬರುತ್ತದೆ. ಶೇಕಡಾ ಲೆಕ್ಕ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಗಣಿತದ ಯಾವ ಪುಸ್ತಕದಲ್ಲಿದೆ? ಆದಾಯ ತೆರಿಗೆ ಇನ್ನೂ ಸ್ವಾರಸ್ಯದ್ದು. ಬೆಳೆದ ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕೆಲಸ) ಮಾಡಿಸದೆ ಹಾಗೇ ಮಾರಿದರೆ ಅದು ಕೃಷಿ ಆದಾಯ. ಕ್ಯೂರಿಂಗ್ ಮಾಡಿಸಿ ಮಾರಿದರೆ ಆ ಆದಾಯದ 25% ವ್ಯಾಪಾರದ್ದು ಅಂತ ಲೆಕ್ಕ. ಹುರಿದು ಪುಡಿ ಮಾಡಿ ಮಾರಿದರೆ 40%. ಹೋಮ್‌ಸ್ಟೇಗೆ ಬಂದವರಿಗೆ ಮನೆಯ ಕಾಫಿಪುಡಿ ಪ್ಯಾಕೆಟ್ ಮಾಡಿ ಮಾರುವ ಎಷ್ಟು ಮನೆಗಳಲ್ಲಿ ಇದು ಗೊತ್ತು? ಬ್ಯಾಂಕ್ ಪಾಠದಲ್ಲಿ ಸಾಲ, ಅಡಮಾನ ಎಲ್ಲ ಬರುತ್ತದೆ, ಆದರೆ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಬಾಣೆ ಜಮೀನಿನ ಆರ್‌ಟಿಸಿ (ಪಹಣಿ) ಮನೆತನದ ಹಿರಿಯರಾದ ಪಟ್ಟೆದಾರರ ಹೆಸರಿನಲ್ಲಿದ್ದರೆ ಅದೇ ಜಾಗದಲ್ಲಿ ದುಡಿಯುವ ತಮ್ಮನ ಮಗನಿಗೆ ಬ್ಯಾಂಕಿನಲ್ಲಿ ಏನಾಗುತ್ತದೆ ಅನ್ನುವುದು ಬರುವುದಿಲ್ಲ. ಬೆಂಗಳೂರಿನಲ್ಲಿ ಬರೆದ ಪುಸ್ತಕದಲ್ಲಿ ಬರಬೇಕಾಗಿಯೂ ಇಲ್ಲ ಬಿಡಿ. ಅದನ್ನು ಸೇರಿಸಬೇಕಾದದ್ದು ಮಡಿಕೇರಿಯ, ವಿರಾಜಪೇಟೆಯ, ಪೊನ್ನಂಪೇಟೆಯ ಶಾಲೆ.

ಒಂಟಾರಿಯೋ ಗೆದ್ದಿರುವುದು ಇಲ್ಲಿ, ಪುಸ್ತಕದಲ್ಲಿ ಅಲ್ಲ. ಪುಸ್ತಕದ ಮಟ್ಟಿಗೆ ಅವರದೂ ಅಷ್ಟಕ್ಕಷ್ಟೇ. ಕೆರಿಯರ್ ಸ್ಟಡೀಸ್ ಅಂದರೆ ಸುಮ್ಮನೆ ಬರುವ ಮಾರ್ಕು ಅಂತ ನನ್ನ ಮಗಳ ಅಂಬೋಣ. ವರ್ಕ್‌ಶೀಟ್ ತುಂಬುವುದು, ಕಂಪ್ಯೂಟರಿನಲ್ಲಿ ಅಭಿರುಚಿ ಪರೀಕ್ಷೆ ಬರೆಯುವುದು. ಆ ಪರೀಕ್ಷೆ ಅವಳಿಗೆ ಅರಣ್ಯಾಧಿಕಾರಿ ಆಗು ಅಂತ ಹೇಳಿತು. ಆನೆ ಕಾಟಕ್ಕೆ ರಾತ್ರಿ ನಿದ್ದೆಗೆಟ್ಟ ನಮ್ಮ ದೊಡ್ಡಪ್ಪನಿಗೆ ಈ ಸುದ್ದಿ ಇನ್ನೂ ಮುಟ್ಟಿಸಿಲ್ಲ. ಆದರೆ ಅದೇ ಶಾಲೆಯಲ್ಲಿ ಕೋ-ಆಪ್ ಎಂಬುದೊಂದಿದೆ. ಮಗು ಅರ್ಧ ದಿನ ಶಾಲೆ ಬಿಟ್ಟು ಗ್ಯಾರೇಜಿಗೋ ದಂತವೈದ್ಯರ ಕ್ಲಿನಿಕ್ಕಿಗೋ ಲೆಕ್ಕಪತ್ರದ ಆಫೀಸಿಗೋ ಹೋಗುತ್ತದೆ. 110 ಗಂಟೆಗೆ ಒಂದು ಕ್ರೆಡಿಟ್, ಗಣಿತದ ಕ್ರೆಡಿಟ್‌ನಷ್ಟೇ ತೂಕದ್ದು. ಶಾಲೆಯ ಟೀಚರ್ ಆಗಾಗ ಅಲ್ಲಿಗೆ ಹೋಗಿ ನೋಡಿ ಬರುತ್ತಾರೆ. ಒಂಬತ್ತನೇ ಕ್ಲಾಸಿನವರಿಗೆ ನವೆಂಬರಿನಲ್ಲಿ ಒಂದು ದಿನ ಅಪ್ಪನದೋ ಅಮ್ಮನದೋ ಆಫೀಸಿಗೆ ಹೋಗಿ ಕೂರುವ ಪದ್ಧತಿ 1994ರಿಂದ ಇದೆ. ಬೇಸಿಗೆ ರಜೆಯಲ್ಲಿ ಸಣ್ಣದೊಂದು ವ್ಯಾಪಾರ ಮಾಡುತ್ತೇನೆಂದು ಯೋಜನೆ ಬರೆದುಕೊಟ್ಟು ಆಯ್ಕೆಯಾದರೆ 3000 ಡಾಲರ್‌ವರೆಗೆ ಸರ್ಕಾರವೇ ಕೊಡುವ ಯೋಜನೆಯೂ ಉಂಟು. ಹೊರಗೆ ಕಲಿತದ್ದನ್ನು ಒಳಗೆ ಅಂಕವಾಗಿ ಬರೆದುಕೊಳ್ಳಲು ಆ ವ್ಯವಸ್ಥೆಗೆ ಸಂಕೋಚವಿಲ್ಲ.

ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ. ಕ್ಲಿನಿಕ್ ಸಿಗುವುದು ವೈದ್ಯರ ಪರಿಚಯ ಇರುವ ಮನೆಯ ಮಕ್ಕಳಿಗೆ. ಮೊನ್ನೆ ಮೊನ್ನೆ ದೇಶಕ್ಕೆ ಬಂದವರ ಮಕ್ಕಳು ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಾರೆ. ವಶೀಲಿ ಅನ್ನುವುದು ಹಿಮದಲ್ಲೂ ಚೆನ್ನಾಗಿ ಬೆಳೆಯುವ ಗಿಡ.

ಇದನ್ನು ಹಾಗೇ ತಂದು ಕೊಡಗಿನಲ್ಲಿ ನೆಡಿ ಅಂತ ನಾನು ಹೇಳುವುದಿಲ್ಲ. ಕಾರಣ ಲೈನ್‌ಮನೆ, ಅಂದರೆ ತೋಟದ ಕೂಲಿಯವರು ಇರುವ ಸಾಲುಮನೆ. ತೋಟದ ಯಜಮಾನನ ಮಗನಿಗೆ ಕಣದಲ್ಲಿ ನಿಂತು ಕಾಫಿ ಹರಡುವುದು ಹೊಸ ಅನುಭವ ಆಗಬಹುದು. ಅದೇ ತೋಟದ ಲೈನ್‌ಮನೆಯ ಮಗಳಿಗೆ ಕೆಲಸ ಅಂದರೇನು ಅಂತ ಯಾರೂ ಕಲಿಸಬೇಕಿಲ್ಲ. ಶಾಲೆ ಬಿಡಿಸಿ ಕೆಲಸಕ್ಕೆ ಕಳಿಸದಿದ್ದರೆ ಅದೇ ದೊಡ್ಡದು. 2016ರ ತಿದ್ದುಪಡಿಯ ನಂತರ ಹದಿನಾಲ್ಕರ ಒಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಪೂರ್ತಿ ನಿಷಿದ್ಧ, ಹದಿನೆಂಟರವರೆಗೆ ಅಪಾಯದ ಕೆಲಸ ನಿಷಿದ್ಧ. ಆದರೆ ಮನೆಯವರ ಕಸುಬಿಗೆ ಶಾಲೆಯ ಹೊತ್ತಿನ ಆಚೆ ನೆರವಾಗಬಹುದು ಅನ್ನುವ ಸಂದು ಕಾನೂನಿನಲ್ಲೇ ಇದೆ. "ಇದು ಶಾಲೆಯ ಕ್ರೆಡಿಟ್" ಅಂತ ಒಂದು ಚೀಟಿ ಸಿಕ್ಕಿಬಿಟ್ಟರೆ ಕೊಯ್ಲಿನ ಕಾಲದಲ್ಲಿ, ಆಳು ಸಿಗದ ಊರಿನಲ್ಲಿ, ಅದನ್ನು ಯಾರು ಹೇಗೆ ಬಳಸುತ್ತಾರೆ ಅನ್ನುವುದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ನಮ್ಮಲ್ಲಿ ಅಂಕ ಸಿಗಬೇಕಾದದ್ದು ಗಂಟೆಗಳಿಗಲ್ಲ, ಲೆಕ್ಕಕ್ಕೆ. ಮಗು ಒಂದು ಹಣ್ಣನ್ನೂ ಕೊಯ್ಯುವುದು ಬೇಡ. ಒಂದು ಚೀಲ ಕಾಫಿಯ ಹಿಂದೆ ಗೊಬ್ಬರ ಎಷ್ಟು, ಕೂಲಿ ಎಷ್ಟು, ಲಾರಿ ಬಾಡಿಗೆ ಎಷ್ಟು, ಕೊನೆಗೆ ಕೈಗೆ ಬಂದದ್ದೆಷ್ಟು ಅಂತ ವಿಚಾರಿಸಿ ಬರೆಯಲಿ. ತೋಟವಿಲ್ಲದ ಮನೆಯ ಮಕ್ಕಳು ಅಮ್ಮನ ಸ್ತ್ರೀಶಕ್ತಿ ಸಂಘದ ಸಾಲದ ಪುಸ್ತಕವನ್ನೋ ಪೇಟೆಯ ದಿನಸಿ ಅಂಗಡಿಯ ಖಾತೆಯನ್ನೋ ಹಿಡಿಯಲಿ. ಕೂಲಿಯ ಸಾಲು ಬರೆಯುವಾಗ ಯಜಮಾನನ ಮಗನೂ ಲೈನ್‌ಮನೆಯ ಮಗಳೂ ಒಂದೇ ಬೆಂಚಿನಲ್ಲಿ ಕೂತಿದ್ದರೆ ಆ ಪಾಠಕ್ಕೆ ಟೀಚರ್ ಹೆಚ್ಚು ಮಾತಾಡಬೇಕಾಗಿಯೂ ಇಲ್ಲ.

ನಮಗೆ ಇದು ತೀರಾ ಹೊಸತೂ ಅಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸಂತೆ ಮಾಡಿಸುತ್ತಾರೆ. ಮನೆಯ ಸೊಪ್ಪು, ನಿಂಬೆ, ಬಾಳೆಗೊನೆ, ಚುರುಮುರಿ ತಂದು ಮಕ್ಕಳು ಕೂಗಿ ಕೂಗಿ ಮಾರುತ್ತಾರೆ, ಚೌಕಾಸಿ ಮಾಡುವ ಹಿರಿಯರನ್ನು ದಬಾಯಿಸುತ್ತಾರೆ. ಫೋಟೊ ಪೇಪರಿನಲ್ಲಿ ಬರುತ್ತದೆ. ಅಸಲು ಎಷ್ಟಾಯಿತು, ಲಾಭ ಎಷ್ಟು ಬಂತು ಅಂತ ಪುಸ್ತಕದಲ್ಲಿ ಬರೆಸುವ ವಯಸ್ಸು ಬರುವಷ್ಟರಲ್ಲಿ ಸಂತೆ ನಿಂತಿರುತ್ತದೆ, ಟ್ಯೂಷನ್ ಶುರುವಾಗಿರುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಅಂಕ ನೋಡಿ ಸೈನ್ಸು, ಕಾಮರ್ಸು, ಆರ್ಟ್ಸು ಅಂತ ಮೂರು ರಾಶಿ. ಬುದ್ಧಿವಂತರೆಲ್ಲ ಸೈನ್ಸಿಗೆ, ಮಂಗಳೂರಿಗೋ ಮೈಸೂರಿಗೋ. ಅಪ್ಪನ ತೋಟ ನೋಡಿಕೊಳ್ಳಬೇಕಾದವನು "ಇವನಿಗೆ ಓದು ಹತ್ತಲಿಲ್ಲ" ಅನ್ನಿಸಿಕೊಂಡು ಊರಲ್ಲಿ ಉಳಿಯುತ್ತಾನೆ. ಲಂಡನ್ ದರ ನೋಡಿ ಕೋಟಿಗಟ್ಟಲೆ ವ್ಯವಹಾರ ಮಾಡಬೇಕಾದವನಿಗೆ ನಾವು ಕೊಡುವ ಸರ್ಟಿಫಿಕೇಟು ಅದು.

ದೆಹಲಿ ಸರ್ಕಾರ 2019ರಲ್ಲಿ 9ರಿಂದ 12ನೇ ಕ್ಲಾಸಿಗೆ ಉದ್ಯಮಶೀಲತೆಯ ಪಠ್ಯಕ್ರಮ ತಂದಿತು. 2021ರಲ್ಲಿ ದೊಡ್ಡ ತರಗತಿಗಳ ಮಕ್ಕಳಿಗೆ ತಲಾ 2000 ರೂಪಾಯಿ ಬಂಡವಾಳ ಕೊಟ್ಟು ಗುಂಪು ಕಟ್ಟಿ ವ್ಯಾಪಾರ ಮಾಡಿಸಿತು. ಸರ್ಕಾರಿ ಶಾಲೆಯ ಮಕ್ಕಳ ಕೈಗೆ ದುಡ್ಡು ಕೊಡುವ ಧೈರ್ಯ ಮಾಡಿತಲ್ಲ, ಅಷ್ಟು ಸಾಕು ನನಗೆ. ಒಂಟಾರಿಯೋ ಉದಾಹರಣೆ ಕೊಟ್ಟರೆ "ಅದು ಶ್ರೀಮಂತ ದೇಶ ಬಿಡಿ" ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಅತ್ತಿಗೆಗೆ ಇಷ್ಟನ್ನೂ ಹೇಳಿದೆ. ಅವರು ಆದೇಶ, ಇಲಾಖೆ, ತರಬೇತಿ ಅಂತ ಹಳೆಯ ಪಟ್ಟಿ ತೆಗೆಯಲಿಲ್ಲ. ಸಮಾಜ ವಿಜ್ಞಾನದ 100 ಅಂಕದಲ್ಲಿ 20 ಆಂತರಿಕ ಮೌಲ್ಯಮಾಪನದ್ದು, ಅದರಲ್ಲಿ ಪ್ರಾಜೆಕ್ಟ್ ಕೊಡಲಿಕ್ಕೆ ಯಾರ ಅಪ್ಪಣೆಯೂ ಬೇಡ ಅಂದರು. ಅವರಿಗೆ ಕಂಡ ತೊಡಕು ಬೇರೆಯೇ. ಅರೇಬಿಕಾ ಕೊಯ್ಲು ಡಿಸೆಂಬರ್ ಹೊತ್ತಿಗೆ ಸಿಕ್ಕೀತು, ರೊಬಸ್ಟಾ ಮಾತ್ರ ಜನವರಿಯಿಂದ ಮಾರ್ಚ್‌ವರೆಗೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ತಲೆಯ ಮೇಲೇ ಬಂದು ಕೂರುತ್ತದೆ. ಹತ್ತನೇ ಕ್ಲಾಸಿನವರನ್ನು ಮುಟ್ಟಿದರೆ ಹೆಡ್‌ಮಾಸ್ಟರು ಬಿಡುವುದಿಲ್ಲ, ಒಂಬತ್ತನೇ ಕ್ಲಾಸಿನವರಿಂದ ಶುರು ಮಾಡುತ್ತೇನೆ, ಔಟ್‌ಟರ್ನ್ ಲೆಕ್ಕವನ್ನು ಒಂದು ಹಾಳೆಯಲ್ಲಿ ಮಕ್ಕಳಿಗೆ ಅರ್ಥವಾಗುವ ಹಾಗೆ ಬರೆದು ವಾಟ್ಸಾಪ್ ಮಾಡಿ ಅಂದರು. ಮಾಡಿದ್ದೇನೆ. ತೇವಾಂಶದ ಭಾಗ ಸರಿಯಾಗಿಲ್ಲ, ಇನ್ನೊಮ್ಮೆ ಬರೆಯಿರಿ ಅಂತ ವಾಪಸ್ ಕಳಿಸಿದ್ದಾರೆ.