ಕ್ಯಾಮೆರಾ ಯಾಕೆ ಇನ್ನೂ ಓಡುತ್ತಿದೆ?

ಪ್ರಶ್ನೆ: ಫೌಂಡ್ ಫೂಟೇಜ್ (ಪಾತ್ರಗಳೇ ಚಿತ್ರೀಕರಿಸಿ, ಆಮೇಲೆ ಯಾರಿಗೋ ಸಿಕ್ಕ ದೃಶ್ಯಗಳು ಎಂಬಂತೆ ತೋರಿಸುವ) ಮಾದರಿಯ ಹಾರರ್ ಚಿತ್ರವು, ಪ್ರತಿಯೊಂದು ದೃಶ್ಯವನ್ನು ಯಾರು, ಯಾಕೆ ಚಿತ್ರೀಕರಿಸುತ್ತಿದ್ದಾರೆ ಎಂಬುದಕ್ಕೆ ಕಾರಣ ಒದಗಿಸಲೇಬೇಕೆ?

ಪರ

ಸಾಮಾನ್ಯ ಸಿನಿಮಾದಲ್ಲಿ ಕ್ಯಾಮೆರಾ ಗೋಡೆಯೊಳಗೂ ಇರಬಹುದು, ಆಕಾಶದಲ್ಲೂ ಇರಬಹುದು; ಯಾರೂ ತಕರಾರು ಮಾಡುವುದಿಲ್ಲ. ಫೌಂಡ್ ಫೂಟೇಜ್ ಚಿತ್ರವಾದರೋ, ‘ಇದು ನಡೆದದ್ದು, ಇದನ್ನು ಚಿತ್ರೀಕರಿಸಿದವರು ಇಂಥವರು, ಟೇಪು ಆಮೇಲೆ ಸಿಕ್ಕಿತು’ ಎಂದು ಆರಂಭದಲ್ಲೇ ತಾನಾಗಿ ಹೇಳಿಕೊಳ್ಳುತ್ತದೆ. ಯಾರೂ ಕೇಳದೆ ಕೊಟ್ಟ ಮಾತು ಅದು. ಉಳಿಸಿಕೊಳ್ಳುವ ಹೊಣೆಯೂ ಅದರದೇ.

ಮಾತು ಉಳಿಸಿಕೊಂಡ ಚಿತ್ರಗಳಲ್ಲಿ ಕ್ಯಾಮೆರಾದ ಮಿತಿಯೇ ಭಯದ ಮೂಲವಾಗಿಬಿಡುತ್ತದೆ. 2007ರ ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯಲ್ಲಿ, ತನ್ನನ್ನು ಏನೋ ಕಾಡುತ್ತಿದೆ ಎನ್ನುವ ಹುಡುಗಿಯ ಸಂಗಾತಿ, ಅದೇನೆಂದು ಪತ್ತೆ ಹಚ್ಚಲು ಮಲಗುವ ಕೋಣೆಯಲ್ಲಿ ಟ್ರೈಪಾಡ್ ಮೇಲೆ ಕ್ಯಾಮೆರಾ ನಿಲ್ಲಿಸುತ್ತಾನೆ. ಕಾರಣ ಅಷ್ಟೇ, ಅಷ್ಟು ಸಾಕು. ಒಂದು ರಾತ್ರಿ ಅವಳು ನಿದ್ದೆಯಲ್ಲೇ ಎದ್ದು, ಮಲಗಿರುವ ಅವನನ್ನು ನೋಡುತ್ತ ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತಾಳೆ. ಪರದೆಯ ಮೂಲೆಯಲ್ಲಿರುವ ಸಮಯದ ಅಂಕಿಗಳು ಸರಸರನೆ ಓಡತೊಡಗುತ್ತವೆ. ಗಂಟೆಗಳು ಉರುಳುತ್ತವೆ, ಅವಳು ನಿಂತೇ ಇರುತ್ತಾಳೆ. ಮುಖದ ಕ್ಲೋಸಪ್ ಇಲ್ಲ, ಕಟ್ ಇಲ್ಲ. ನಮ್ಮನ್ನು ಹೆದರಿಸುವುದು ಆ ಅಂಕಿಗಳು; ಆ ಅಂಕಿಗಳನ್ನು ನಾವು ನಂಬುವುದು, ಕ್ಯಾಮೆರಾ ಅಲ್ಲಿ ಯಾಕಿದೆ ಎಂಬುದರಲ್ಲಿ ನಮಗೆ ಅನುಮಾನವೇ ಇಲ್ಲದಿರುವುದರಿಂದ.

ಅದೇ ವರ್ಷದ ಸ್ಪ್ಯಾನಿಷ್ ಚಿತ್ರ ‘ರೆಕ್’ನಲ್ಲಿ ಕ್ಯಾಮೆರಾ ಹಿಡಿದವನು ಟಿವಿ ಕಾರ್ಯಕ್ರಮದ ಕ್ಯಾಮೆರಾಮನ್, ಚಿತ್ರೀಕರಣ ಅವನ ಕಸುಬು. ಕೊನೆಗೆ ಕ್ಯಾಮೆರಾದ ದೀಪ ಹೋದಾಗ, ಕತ್ತಲೆಯ ಮನೆಯೊಂದರಲ್ಲಿ ಕ್ಯಾಮೆರಾದ ನೈಟ್ ವಿಷನ್ ಒಂದೇ ಕಣ್ಣಾಗುತ್ತದೆ. ಕ್ಯಾಮೆರಾ ಕೆಳಗಿಟ್ಟರೆ ಕುರುಡಾಗಬೇಕು ಎಂಬ ಪರಿಸ್ಥಿತಿ ಒದಗಿದ ಮೇಲೆ ‘ಯಾಕೆ ಹಿಡಿದಿದ್ದಾನೆ’ ಎಂಬ ಪ್ರಶ್ನೆ ಏಳುವುದಾದರೂ ಎಲ್ಲಿಂದ? 2008ರ ‘ಕ್ಲೋವರ್‌ಫೀಲ್ಡ್’ ಇನ್ನೂ ಸೊಗಸಾದ ದಾರಿ ಹಿಡಿಯಿತು. ಜೋಡಿಯೊಂದು ಸುಖವಾಗಿ ಕಳೆದ ಒಂದು ದಿನದ ರೆಕಾರ್ಡಿಂಗ್ ಮೇಲೆಯೇ ನಗರದ ನಾಶವೂ ರೆಕಾರ್ಡ್ ಆಗುತ್ತದೆ. ಚಿತ್ರೀಕರಣ ನಿಂತು ಶುರುವಾಗುವ ಸಂದುಗಳಲ್ಲಿ ಹಳೆಯ ದಿನ ಇಣುಕುತ್ತದೆ. ಟೇಪಿನ ಸ್ವಭಾವವನ್ನೇ ಬಳಸಿ ಹೇಳಿದ ಕಥೆ ಇದು.

ಈ ಶಿಸ್ತು ತಪ್ಪಿದಾಗ ಏನಾಗುತ್ತದೆಂದು ಎಲ್ಲರೂ ಕಂಡಿದ್ದೇವೆ. ಇರುವುದು ಒಂದೇ ಕ್ಯಾಮೆರಾ, ಮಾತಾಡುತ್ತಿರುವವರು ಇಬ್ಬರು, ಆದರೂ ಕಟ್ ಮಾಡಿ ಇಬ್ಬರ ಮುಖವನ್ನೂ ಎದುರಿನಿಂದಲೇ ತೋರಿಸಲಾಗುತ್ತದೆ. ದೆವ್ವ ಬರುವ ಮೊದಲೇ ಎಲ್ಲಿಂದಲೋ ಪಿಟೀಲು ಶುರುವಾಗುತ್ತದೆ. ಆ ಕ್ಷಣದಿಂದ ಅದು ಕೈ ನಡುಗುವ ಛಾಯಾಗ್ರಾಹಕನ ಮಾಮೂಲಿ ಸಿನಿಮಾ, ಅಷ್ಟೇ.

ವಿರೋಧ

ಲೆಕ್ಕಪರಿಶೋಧಕನಂತೆ ಕುಳಿತು ಹಾರರ್ ಚಿತ್ರ ನೋಡುವವರಿಗೆ ಮೇಲಿನ ವಾದ ಒಪ್ಪಿಗೆಯಾಗಬಹುದು. ನಂಬಿಕೆ ಹುಟ್ಟುವ ಬಗೆ ಬೇರೆ.

1897ರಲ್ಲಿ ಬಂದ ‘ಡ್ರಾಕುಲಾ’ ಕಾದಂಬರಿ ಪೂರ್ತಿ ದಿನಚರಿ, ಪತ್ರ, ಪತ್ರಿಕಾ ತುಣುಕು, ಫೋನೋಗ್ರಾಫ್ ಧ್ವನಿಮುದ್ರಣದ ಬರಹರೂಪ ಇವುಗಳಿಂದಲೇ ಕಟ್ಟಿದ್ದು. ಜೀವ ಕೈಯಲ್ಲಿ ಹಿಡಿದುಕೊಂಡಿರುವ ಮನುಷ್ಯ ಪುಟಗಟ್ಟಲೆ ಸಂಭಾಷಣೆಯನ್ನು ಅಕ್ಷರಶಃ ನೆನಪಿಟ್ಟು ಬರೆದದ್ದು ಹೇಗೆಂದು ಓದುಗರು ತಲೆ ಕೆಡಿಸಿಕೊಳ್ಳಲಿಲ್ಲ. ದಾಖಲೆಯ ವೇಷ ಸಾಕಾಗಿತ್ತು. ದಾಖಲೆಯ ಪುರಾವೆ ಯಾರಿಗೂ ಬೇಕಿರಲಿಲ್ಲ. ಪುರಾವೆಯ ತನಕ ಹೋದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ: ಇದೇ ಮಾದರಿಯ 1980ರ ಚಿತ್ರ ‘ಕ್ಯಾನಿಬಲ್ ಹೋಲೋಕಾಸ್ಟ್’ ನೋಡಿದವರು ನಟರು ನಿಜಕ್ಕೂ ಸತ್ತಿದ್ದಾರೆಂದು ಅನುಮಾನಿಸಿದರು; ನಿರ್ದೇಶಕ ರುಗ್ಗೇರೋ ದೆಯೊದಾತೊ ಇಟಲಿಯಲ್ಲಿ ಕೊಲೆ ಆರೋಪ ಎದುರಿಸಿ, ಆ ನಟರು ಬದುಕಿದ್ದಾರೆಂದು ತೋರಿಸಬೇಕಾಯಿತು. ಅಂಥ ನಂಬಿಕೆಯನ್ನು ಕಲೆಯ ಗೆಲುವೆಂದು ಕರೆಯಲು ನನಗೆ ಮನಸ್ಸಿಲ್ಲ.

ಇನ್ನು ಕಾರಣ ಒದಗಿಸುವ ಚಟದಿಂದ ಆಗಿರುವ ಹಾನಿಯನ್ನು ನೋಡಿ. ‘ಇನ್ನೂ ಯಾಕೆ ಶೂಟ್ ಮಾಡುತ್ತಿದ್ದೀಯಾ?’ ಎಂದು ಒಬ್ಬ ಕಿರುಚುವುದು, ‘ಜನಕ್ಕೆ ಇದು ಗೊತ್ತಾಗಬೇಕು’ ಎಂದು ಇನ್ನೊಬ್ಬ ಉತ್ತರಿಸುವುದು ಈ ಪ್ರಕಾರದ ಅತ್ಯಂತ ಸವಕಲು ಸಂಭಾಷಣೆ. ಮೈಮರೆತು ನೋಡುತ್ತಿದ್ದವನ ಭುಜ ತಟ್ಟಿ, ಕೇಳದಿದ್ದ ಪ್ರಶ್ನೆಯನ್ನು ಅವನ ಬಾಯಿಗೆ ತುರುಕಿದ ಹಾಗೆ. ವಾಸ್ತವದಲ್ಲಿ ಜನ ಮುನ್ನುಗ್ಗುವ ನೀರಿನೆದುರು, ಉರಿಯುವ ಕಟ್ಟಡದೆದುರು ಫೋನ್ ಹಿಡಿದು ನಿಂತೇ ಇರುತ್ತಾರೆ. ಯಾಕೆಂದು ಕೇಳಿದರೆ ಅವರಲ್ಲೂ ಉತ್ತರವಿರುವುದಿಲ್ಲ.

ಈ ಪ್ರಕಾರಕ್ಕೆ ದೊಡ್ಡ ಮಾರುಕಟ್ಟೆ ತೆರೆದುಕೊಟ್ಟ 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನ್ನೇ ತೆಗೆದುಕೊಳ್ಳೋಣ. ಕಾಡಿನಲ್ಲಿ ಕಾಣೆಯಾದ ಮೂವರ ಬಳಿ 16 ಮಿ.ಮೀ. ಕಪ್ಪುಬಿಳುಪು ಫಿಲಂ ಕ್ಯಾಮೆರಾ ಒಂದು, ಬಣ್ಣದ ವಿಡಿಯೋ ಕ್ಯಾಮೆರಾ ಒಂದು. ಎರಡರ ದೃಶ್ಯಗಳೂ ಪರದೆಯ ಮೇಲೆ ಅಚ್ಚುಕಟ್ಟಾಗಿ ಹೆಣೆದುಕೊಂಡು ಬರುತ್ತವೆ. ಹೆಣೆದವರು ಯಾರು? ಯಾವುದನ್ನು ಬಿಟ್ಟರು, ಯಾವುದನ್ನು ಇಟ್ಟರು? ಚಿತ್ರ ಬಾಯಿ ಬಿಡುವುದಿಲ್ಲ. ಮೇಲಿನ ನಿಯಮದ ಪ್ರಕಾರ ಇದು ನಪಾಸಾಗಬೇಕು.

ಕಥೆ ನಿಂತಿರುವುದು ಬೇರೆ ತರ್ಕದ ಮೇಲೆ. ಶುರುವಿನಲ್ಲಿ ಊರಿನವರನ್ನು ಮಾತಾಡಿಸುವಾಗ, ಹಿಂದೆ ಮಕ್ಕಳನ್ನು ಕೊಂದವನೊಬ್ಬನ ಪ್ರಸ್ತಾಪ ಬರುತ್ತದೆ: ಒಂದು ಮಗುವನ್ನು ಕೊಲ್ಲುವಾಗ ಇನ್ನೊಂದನ್ನು ಮೂಲೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದನಂತೆ. ಆಮೇಲೆ ಒಂದು ಗಂಟೆಗೂ ಹೆಚ್ಚು ಕಾಲ ಜಗಳ, ನಕ್ಷೆ, ದಾರಿ ತಪ್ಪುವುದು, ಹಸಿವು. ನೋಡುಗ ಆ ಮಾತನ್ನು ಮರೆತೇ ಬಿಟ್ಟಿರುತ್ತಾನೆ. ಕೊನೆಗೆ ಪಾಳುಮನೆಯ ನೆಲಮಾಳಿಗೆಗೆ ಹುಡುಗಿ ಕಿರುಚುತ್ತ ಇಳಿಯುತ್ತಾಳೆ. ಅವಳ ಕ್ಯಾಮೆರಾದಲ್ಲಿ, ಮುಂದೆ ಓಡಿದ್ದ ಗೆಳೆಯ ಮೂಲೆಗೆ ಮುಖ ಮಾಡಿ ಸುಮ್ಮನೆ ನಿಂತಿರುವುದು ಒಂದೆರಡು ಕ್ಷಣ ಕಾಣಿಸುತ್ತದೆ. ಕ್ಯಾಮೆರಾ ಬೀಳುತ್ತದೆ. ಯಾವ ಬ್ಯಾಟರಿ, ಯಾವ ಟೇಪು ಎಂದು ಅಲ್ಲಿ ಲೆಕ್ಕ ಹಾಕುವವರು ಯಾರೂ ಇರುವುದಿಲ್ಲ. ಊರಿನವನು ಹೇಳಿದ ಆ ಒಂದು ವಾಕ್ಯ ಮಾತ್ರ ಥಟ್ಟನೆ ನೆನಪಾಗುತ್ತದೆ.